ಎಂಬತ್ತು ನಿಮಿಷದ ಅಬ್ಬರ

(ನಮ್ಮ ಸಂಘದ ಮಹಿಳಾ ವಿಭಾಗದ ‘ನನ್ನ ಹವ್ಯಾಸ’ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಒಬ್ಬರು ರಂಗೋಲಿಯ ಬಗ್ಗೆ, ಇನ್ನೊಬ್ಬರು ಬಾಲ್ಕನಿಯ ಕೈತೋಟದ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದರು. ಕಾರ್ಯದರ್ಶಿಯವರು ಫೋನ್ ಮಾಡಿ ನಿಮ್ಮ ಹವ್ಯಾಸ ಏನು ಎಂದು ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾರ್ಡ್ ರಾಕ್, ಹೆವಿ ಮೆಟಲ್ ಕೇಳುವುದು, ಅದರಲ್ಲಿ ನನಗೆ ಬೇಕಾದದ್ದನ್ನು ಆರಿಸಿ ಸಿಡಿ ಮಾಡುವುದು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಆಗಲಿ, ಆದರೆ ಹಾಡಿ ತೋರಿಸಬೇಡಿ” ಎಂದರು. ಹೆದರಬೇಡಿ, ಹಾಡುವುದಿಲ್ಲ.

ಈಗ ಸಿಡಿ ಯಾರು ಕೇಳುತ್ತಾರೆ ಎಂದು ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಮೂರು ತಿಂಗಳ ಹಿಂದೆ ಕುಂದಾಪುರದ ಕಡೆಯ ನಮ್ಮ ಊರಿನಿಂದ ಅಪ್ಪಯ್ಯ ಫೋನ್ ಮಾಡಿದರು. ಮೊಮ್ಮಗಳ ಪರೀಕ್ಷೆ, ಅಡಿಕೆಯ ರೇಟು ಎಲ್ಲ ಮುಗಿದ ಮೇಲೆ, “ಮಗಾ, ನಿನ್ನ ಆ ಸಿಡಿ ಏಳನೇ ಪದ್ಯಕ್ಕೆ ಬಂದು ನಿಲ್ತದೆ. ಮುಂದೆ ಹೋಗುದಿಲ್ಲ” ಎಂದರು. ಯಾವ ಸಿಡಿ ಎಂದೆ. “ನೀನು ಕಾಲೇಜಲ್ಲಿರುವಾಗ ಮಾಡಿದ್ದು. ಕಾರಿನಲ್ಲಿ ಹಾಕ್ತೇನಲ್ಲ.”

ಆ ಸಿಡಿ ಅವರ ಹತ್ತಿರ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಸಿಡಿಯದ್ದೇ.

ನಾವಿದ್ದದ್ದು ಡೊಂಬಿವಲಿಯಲ್ಲಿ. ಅಪ್ಪಯ್ಯನಿಗೆ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಮನೆಯಲ್ಲಿ ಸಂಗೀತವೆಂದರೆ ಅಮ್ಮನ ದೇವರನಾಮ, ಅಪ್ಪಯ್ಯನ ಯಕ್ಷಗಾನದ ಕ್ಯಾಸೆಟ್ಟು. ಊರಲ್ಲಿ ತಿರುಗಾಟ ಮುಗಿಸಿದ ಮೇಳಗಳು ಮಳೆಗಾಲದಲ್ಲಿ ಮುಂಬಯಿಗೆ ಬಂದರೆ ನಮ್ಮ ಮನೆಯಲ್ಲಿ ಆ ವಾರವೆಲ್ಲ ಹಬ್ಬ. ನಾನು ಚಿಕ್ಕವಳಿದ್ದಾಗ ಅಪ್ಪಯ್ಯನ ತೊಡೆಯ ಮೇಲೆ ನಿದ್ದೆ ಹೋಗಿ, ಚಂಡೆಯ ಪೆಟ್ಟಿಗೆ ಎಚ್ಚರಾಗುತ್ತಿದ್ದೆ. ಮುಂದೆ ಎಂಜಿನಿಯರಿಂಗ್ ಸೇರಿದಾಗ ಅಣ್ಣನ ಸ್ನೇಹಿತನೊಬ್ಬ ಐರನ್ ಮೇಡನ್ ಕೇಳಿಸಿದ. ಎಲ್ಲರೂ ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಇದು ಎಲ್ಲೋ ಕೇಳಿದ್ದೇ ಎನಿಸಿತು.

ಈ ಸಂಗೀತದ ಬಗ್ಗೆ ನಮ್ಮಲ್ಲಿ ಹಲವರಿಗೆ ಇರುವ ಭಾವನೆ ಒಂದೇ: ಕೂದಲು ಬಿಟ್ಟವರ ಕೂಗಾಟ. ಅದು ಹುಟ್ಟಿದ ಜಾಗವನ್ನು ಹೇಳುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ; ಗಿಟಾರಿನ ತಂತಿ ಒತ್ತುವುದು ಬಲಗೈಯಿಂದಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ಒತ್ತಲು ಸುಲಭವಾಗಲೆಂದು ಶ್ರುತಿಯನ್ನೂ ಇಳಿಸಿದ. ಆ ಇಳಿದ ಶ್ರುತಿಯ ಭಾರವಾದ ನಾದವೇ ಈ ಸಂಗೀತದ ಗುರುತಾಯಿತು. ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರವರಿಯಲ್ಲಿ. ಗಿರಣಿಯಲ್ಲಿ, ಹೋಟೆಲಿನ ಒಲೆಯ ಮುಂದೆ ಕೈ ಸುಟ್ಟುಕೊಂಡು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಊರು ನಮ್ಮ ಮುಂಬಯಿ. ನಮಗೆ ಈ ಕತೆ ಅರ್ಥವಾಗದೆ ಇರುವುದಿಲ್ಲ.

ಮುಂಬಯಿಗೂ ಇದು ಹೊಸದಲ್ಲ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವಕ್ಕೆ ಧೋಬಿ ತಲಾವಿನ ರಂಗಭವನದಲ್ಲಿ ಹುಡುಗರು ಕಿಕ್ಕಿರಿಯುತ್ತಿದ್ದರು. ಇಂಡಸ್ ಕ್ರೀಡ್ ಎಂದು ಹೆಸರಾದ ರಾಕ್ ಮಷೀನ್ ತಂಡ ನಮ್ಮ ಊರಿನದೇ. ಹತ್ತಿರದಲ್ಲಿ ಆಸ್ಪತ್ರೆಗಳಿವೆ, ಅದು ನಿಶ್ಶಬ್ದ ವಲಯ ಎಂದು ಮುಂದೆ ರಂಗಭವನದ ಕಾರ್ಯಕ್ರಮಗಳು ನಿಂತವು. ನನ್ನ ಕಾಲಕ್ಕೆ ಉಳಿದದ್ದು ಕಾಲಾ ಘೋಡಾದ ರಿದಂ ಹೌಸ್. ಅಲ್ಲಿ ಪುಟ್ಟ ಗಾಜಿನ ಗೂಡಿನಲ್ಲಿ ನಿಂತು ಕೇಳಿ ನೋಡಬಹುದಿತ್ತು. ಅಪ್ಪಯ್ಯನ ಆಫೀಸಿಗೆ ಹೋಗುವ ನೆಪದಲ್ಲಿ ಹತ್ತು ಸಲ ಕೇಳಿ ಒಂದು ಸಲ ಕೊಳ್ಳುತ್ತಿದ್ದೆ. ಆ ಅಂಗಡಿ 2016ರಲ್ಲಿ ಮುಚ್ಚಿತು.

2008ರ ಫೆಬ್ರವರಿ 1ರಂದು ಐರನ್ ಮೇಡನ್ ಮುಂಬಯಿಗೆ ಬಂದಿತು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಮೈದಾನ. ಅವರ ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ವಿಮಾನ ನಡೆಸುವ ಪೈಲಟ್. ತಂಡವನ್ನೂ ಸಾಮಾನನ್ನೂ ಬೋಯಿಂಗ್ 757ರಲ್ಲಿ ಹಾಕಿಕೊಂಡು ಹೊರಟ ಆ ವಿಶ್ವಪ್ರವಾಸದ ಮೊದಲ ಕಛೇರಿ ನಮ್ಮೂರಲ್ಲೇ. ನಾನು ಬಿ.ಇ. ಕೊನೆಯ ವರ್ಷ. ಟಿಕೆಟ್ಟಿಗೆ ಟ್ಯೂಷನ್ ಹೇಳಿ ದುಡ್ಡು ಕೂಡಿಸಿದ್ದೆ. ಅಪ್ಪಯ್ಯ ಬೇಡ ಎಂದರು. ರಾತ್ರಿಯಾಗುತ್ತದೆ, ಕುಡಿದವರಿರುತ್ತಾರೆ, ಡೊಂಬಿವಲಿಗೆ ಕೊನೆಯ ಗಾಡಿ ತಪ್ಪಿದರೆ ಏನು ಗತಿ? ಅಣ್ಣ ಹೋದ. ಅವನಿಗೆ ಆ ತಂಡದ ಎರಡು ಹಾಡೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಅವತ್ತು ಊಟ ಮಾಡಲಿಲ್ಲ. ಅಪ್ಪಯ್ಯನ ಹತ್ತಿರ ಒಂದು ತಿಂಗಳು ನೆಟ್ಟಗೆ ಮಾತಾಡಲೂ ಇಲ್ಲ.

ಆ ತಿಂಗಳಲ್ಲಿ ಮಾಡಿದ್ದು ಈ ಸಿಡಿ. ನನ್ನದೇ ಕಛೇರಿ, ನನ್ನದೇ ಪಟ್ಟಿ.

ಅದರ ಲೆಕ್ಕ ಸ್ವಲ್ಪ ಹೇಳುತ್ತೇನೆ, ಐಟಿಯವಳಲ್ಲವೇ. ಒಂದು ಖಾಲಿ ಸಿಡಿಯಲ್ಲಿ 80 ನಿಮಿಷದ ಹಾಡು ಹಿಡಿಯುತ್ತದೆ. ಸೆಕೆಂಡಿಗೆ 44,100 ಸಲ ನಾದವನ್ನು ಅಳೆದು, ಎರಡು ಚಾನೆಲ್‌ಗಳಲ್ಲಿ ಬರೆದುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 10 ಎಂಬಿ. ಅದೇ ಸಿಡಿಗೆ ಎಂಪಿ3 ತುಂಬಿದರೆ ಹನ್ನೆರಡು ಗಂಟೆಯ ಹಾಡು ಹಿಡಿದೀತು. ಆದರೆ ನಮ್ಮ ಮನೆಯ ಪ್ಲೇಯರಿಗೆ ಎಂಪಿ3 ಬರುತ್ತಿರಲಿಲ್ಲ. ಈಗ ನೋಡಿದರೆ ಅದೇ ಒಳ್ಳೆಯದಾಯಿತು. 80 ನಿಮಿಷವೇ ಇದ್ದರೆ ಆರಿಸಲೇಬೇಕು. ಐರನ್ ಮೇಡನ್‌ನ ಒಂದು ಹಾಡು, ಕೋಲ್‌ರಿಜ್ ಕವಿಯ ಮುದಿ ನಾವಿಕನ ಕತೆ, ಅದೊಂದೇ ಹದಿಮೂರೂವರೆ ನಿಮಿಷಕ್ಕೂ ಹೆಚ್ಚು. ಅದನ್ನು ಸೇರಿಸಿದರೆ ಬೇರೆ ಮೂರು ಹೊರಗೆ. ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ನಿಮಿಷ, ಸೆಕೆಂಡು ಕೂಡಿಸಿ ಕಳೆದು ಮಾಡಿದ್ದೆ.

ಲ್ಯಾಮಿಂಗ್ಟನ್ ರೋಡಿನಿಂದ ಖಾಲಿ ಸಿಡಿಗಳ ಕಟ್ಟು ತಂದೆ. ಆಗ ನಮ್ಮ ಕಡೆ ಲೋಡ್ ಶೆಡ್ಡಿಂಗ್. ನೀರೋದಲ್ಲಿ ಸಿಡಿ ರೈಟ್ ಆಗುತ್ತಿರುವಾಗ ಕರೆಂಟು ಹೋದರೆ ಆ ಸಿಡಿ ಹಾಳು. ಹಾಗೆ ಹಾಳಾದ ನಾಲ್ಕು ಸಿಡಿಗಳನ್ನು ಅಮ್ಮ ಗಣಪತಿಯ ಮಂಟಪಕ್ಕೆ ಅಲಂಕಾರ ಮಾಡಿದರು.

ಮೊದಲ ಪಟ್ಟಿಯಲ್ಲಿ ಸಿಟ್ಟೇ ಸಿಟ್ಟು. ಮೋಟರ್‌ಹೆಡ್, ಜೂಡಸ್ ಪ್ರೀಸ್ಟ್, ಸ್ಲೇಯರ್. ಒಂದಕ್ಕಿಂತ ಒಂದು ವೇಗ. ಭಾನುವಾರ ಬಾಗಿಲು ಹಾಕಿಕೊಂಡು ಹಾಕಿದೆ. ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಬಾಗಿಲು ಹಾಕಿದರೂ ಒಂದೇ, ತೆಗೆದರೂ ಒಂದೇ. ಸಂಜೆ ಅಪ್ಪಯ್ಯ ಚಹಾ ಕುಡಿಯುತ್ತ, ನನ್ನನ್ನು ನೋಡದೆ, ಪೇಪರಿಗೆ ಹೇಳುವವರ ಹಾಗೆ ಹೇಳಿದರು: “ಬರೀ ಯುದ್ಧವೇ ಉಂಟಲ್ಲ. ಪ್ರಸಂಗ ಎಲ್ಲಿ? ಇಡೀ ರಾತ್ರಿ ಚಂಡೆ ಬಾರಿಸಿದರೆ ಯಾರು ಕೂತ್ಕೊಳ್ತಾರೆ?”

ನನಗೆ ಸಿಟ್ಟು ಬಂತು. ಆದರೆ ರಾತ್ರಿ ಯೋಚಿಸಿದಾಗ ಮಾತು ಸರಿ ಎನಿಸಿತು. ಆಟ ಶುರುವಾಗುವುದು ನಿಧಾನವಾಗಿ. ಶೃಂಗಾರಕ್ಕೆ, ಕರುಣಕ್ಕೆ ಮದ್ದಳೆ ಸಾಕು, ಚಂಡೆ ಸುಮ್ಮನಿರುತ್ತದೆ. ಸುಮ್ಮನಿದ್ದ ಕಾರಣಕ್ಕೇ ವೀರರಸದ ವೇಷ ಬಂದಾಗ ಅದರ ಪೆಟ್ಟು ಎದೆಗೆ ತಾಗುತ್ತದೆ. ನಾನು ಪಟ್ಟಿಯನ್ನು ಪೂರ್ತಿ ಬದಲಾಯಿಸಿದೆ. ಎರಡು ಚುರುಕಾದ ಹಾಡು, ಆಮೇಲೆ ಒಂದು ನಿಧಾನದ್ದು, ನಡುವೆ ಕತೆ ಹೇಳುವ ದೊಡ್ಡ ಹಾಡು, ಬೆಳಗಿನ ಜಾವದ ಯುದ್ಧದ ಹಾಗೆ ವೇಗದವೆಲ್ಲ ಕೊನೆಗೆ. ಧ್ವನಿಮಟ್ಟವನ್ನೂ ಸರಿ ಮಾಡಿದೆ. ಎಪ್ಪತ್ತರ ದಶಕದ ಹಾಡುಗಳ ಸಿಡಿಗಳು ಮೆತ್ತಗೆ, ಹೊಸವು ಕಿರಿಚುವಷ್ಟು ಜೋರು. ಎಲ್ಲವನ್ನೂ ಜೋರು ಮಾಡಿದರೆ ಏರಿಳಿತ ಸಾಯುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಮೆಟಾಲಿಕಾದ ಹೊಸ ಆಲ್ಬಂ ಅತಿಯಾದ ಜೋರಿನಿಂದ ಒಡೆದ ಹಾಗೆ ಕೇಳುತ್ತದೆ ಎಂದು ಅಭಿಮಾನಿಗಳೇ ದೂರಿದರು. ನಾನು ಹೊಸದನ್ನು ಇಳಿಸಿ ಹಳೆಯದಕ್ಕೆ ಸರಿಗೂಡಿಸಿದೆ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರಾಸೆಸಿಂಗ್ ಓದುವಾಗ ಗೊತ್ತಾಯಿತು, ನಾನು ಕಿವಿಯಿಂದ ಮಾಡಿದ್ದಕ್ಕೆ ಅಲ್ಲಿ ಸೂತ್ರವೇ ಇದೆ ಎಂದು.

ಏಳನೆಯದಾಗಿ ಇಟ್ಟದ್ದು ಡೀಪ್ ಪರ್ಪಲ್‌ನ 1970ರ ‘ಚೈಲ್ಡ್ ಇನ್ ಟೈಮ್’. ಹತ್ತು ನಿಮಿಷದ ಹಾಡು. ಆರ್ಗನ್ನಿನಲ್ಲಿ ಮೆಲ್ಲಗೆ ಶುರುವಾಗಿ, ಇಯಾನ್ ಗಿಲ್ಲನ್‌ನ ದನಿ ಏರುತ್ತ ಏರುತ್ತ ಕೂಗಾಗುತ್ತದೆ. ಎರಡನೇ ಸಿಡಿ ಹಾಕಿದ ಭಾನುವಾರ ಅಪ್ಪಯ್ಯ ಏನೂ ಹೇಳಲಿಲ್ಲ. ಆದರೆ ಆ ಹಾಡು ಬಂದಾಗ ಪೇಪರಿನ ಪುಟ ಮಗುಚುವ ಸದ್ದು ನಿಂತಿತ್ತು.

ಆಮೇಲೆ ಎಂಟೆಕ್, ಕೆಲಸ, ಮದುವೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನನ್ನ ಸಂಬಳದಲ್ಲೇ ಹೋಗಿ ನೋಡಿಬಂದೆ. ಅಪ್ಪಯ್ಯ ಕೇಳಿದ್ದು ಒಂದೇ ಮಾತು, ವಾಪಸು ಗಾಡಿ ಎಷ್ಟೊತ್ತಿಗೆ? ಮದುವೆಯಾದ ಮೇಲೆ ಯಾರೂ ನನ್ನನ್ನು ಬೇಡ ಎಂದು ತಡೆಯಲಿಲ್ಲ, ಅದನ್ನು ಹೇಳಬೇಕು. ಗಂಡ ಒಳ್ಳೆಯವರು, ಅತ್ತೆಯೂ ಒಳ್ಳೆಯವರು. ಆದರೂ ಸಿಡಿಗಳ ಚೀಲ ತವರಿನಲ್ಲೇ ಉಳಿಯಿತು. ಮಗಳು ಹುಟ್ಟಿದ ಮೇಲೆ ಹಾಲ್‌ನಲ್ಲಿ ಅವಳ ಹಾಡು, ಅಡುಗೆಮನೆಯಲ್ಲಿ ಅತ್ತೆಯ ಸುಪ್ರಭಾತ, ಕಾರಿನಲ್ಲಿ ಗಂಡನ ಹಳೆಯ ಹಿಂದಿ ಹಾಡು. ನಾನು ಕೇಳುತ್ತಿದ್ದುದು ಲೇಡಿಸ್ ಡಬ್ಬಿಯಲ್ಲಿ, ಇಯರ್‌ಫೋನಿನಲ್ಲಿ. ವರ್ಕ್ ಫ್ರಂ ಹೋಂ ಬಂದ ಮೇಲೆ ಅದೂ ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿರಲಿಲ್ಲ ಎಂಬುದು ಗೊತ್ತಾದದ್ದೇ ಅಪ್ಪಯ್ಯನ ಫೋನ್ ಬಂದ ದಿನ. ನನ್ನ ಹಾಡನ್ನು ನಾನು ಬಿಟ್ಟಿದ್ದೆ, ಅವರು ಕೇಳುತ್ತಿದ್ದರು.

ಸಿಡಿ ಹಾಳಾಗಲು ಕಾರಣವಿದೆ. ಅಂಗಡಿಯ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿರುತ್ತದೆ. ನಾವು ಮನೆಯಲ್ಲಿ ರೈಟ್ ಮಾಡುವ ಸಿಡಿಯಲ್ಲಿ ಒಂದು ಬಣ್ಣದ ಲೇಪ ಇರುತ್ತದೆ. ಲೇಸರ್ ಅದರಲ್ಲಿ ಗುರುತು ಸುಡುತ್ತದೆ. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ. ಕರಾವಳಿಯ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಇಷ್ಟು ವರ್ಷ ಬಾಳಿದ್ದೇ ಹೆಚ್ಚು.

ಹೊಸದು ಮಾಡೋಣವೆಂದರೆ ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಒಂದು ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊರಗಿನಿಂದ ಜೋಡಿಸುವ ಡಿವಿಡಿ ರೈಟರ್ ತಂದೆ. ಖಾಲಿ ಸಿಡಿ ಕೇಳಿದರೆ ಅಂಗಡಿಯ ಹುಡುಗ ನನ್ನ ಮುಖ ನೋಡಿದ. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ಲೆಕ್ಕದ ಪುಸ್ತಕ ಅಮ್ಮ ಎತ್ತಿಟ್ಟಿದ್ದರು. ಮನೆಯಲ್ಲಿ ಹಾಲ್‌ನಲ್ಲೇ, ಬಾಗಿಲು ಹಾಕದೆ, ಸ್ಪೀಕರಿನಲ್ಲಿ ಹದಿನಾಲ್ಕು ಹಾಡನ್ನೂ ಕೇಳಿದೆ. ಹತ್ತು ವರ್ಷದ ಮಗಳು ಬಂದು ಕೂತಳು. ಅತ್ತೆ ಎರಡು ಹಾಡು ಸಹಿಸಿ, “ನಾನು ಮೊಟ್ಟೆಗೋಸು ತರ್ತೇನೆ” ಎಂದು ಮಾರ್ಕೆಟ್ಟಿಗೆ ಹೋದರು. ಬಂದಮೇಲೆ, “ನಿನಗೆ ಇದೆಲ್ಲ ಇಷ್ಟ ಅಂತ ಹೇಳಿಯೇ ಇರಲಿಲ್ಲವಲ್ಲ” ಎಂದರು. ಹೌದು, ಹೇಳಿರಲಿಲ್ಲ.

ಕೊರಿಯರಿನಲ್ಲಿ ಎರಡು ಪ್ರತಿ ಕಳಿಸಿದೆ, ಒಂದನ್ನು ಕಾರಿನಲ್ಲಿಡಬೇಡಿ ಎಂದು ಚೀಟಿ ಬರೆದು. ವಾರದ ನಂತರ ಅಪ್ಪಯ್ಯ ಫೋನ್ ಮಾಡಿದರು. “ಏಳನೆಯದು ಈಗ ಸರಿ ಉಂಟು” ಎಂದರು. ಸ್ವಲ್ಪ ತಡೆದು, “ಅವತ್ತು ಬಾಂದ್ರಾಕ್ಕೆ ಹೋದವರೆಲ್ಲ ಕ್ಷೇಮವಾಗಿ ಮನೆಗೆ ಬಂದಿದ್ರಲ್ಲ?” ಎಂದು ಕೇಳಿದರು. ಬಂದಿದ್ದರು ಅಪ್ಪಯ್ಯ, ಎಂದೆ. “ಹ್ಞಾಂ” ಎಂದರು. ಆಮೇಲೆ ಮಳೆಯ ಸುದ್ದಿ ತೆಗೆದರು.

ಅಪ್ಪಯ್ಯನ ಹೆದರಿಕೆ ಸುಳ್ಳಾಗಿರಲಿಲ್ಲ. ಕೊನೆಯ ಗಾಡಿಯ ಚಿಂತೆ ಇವತ್ತು ನನಗೂ ಇದೆ. ಆದರೆ ಅಣ್ಣನ ಜೊತೆಗೇ ನನ್ನನ್ನೂ ಕಳಿಸಬಹುದು ಎಂದು ಆಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾಳೆ ನನ್ನ ಮಗಳು ಕೇಳಿದರೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸು ಎಂದು ಕೇಳುತ್ತೇನೆ. ಬೇಕಾದರೆ ನಾನೇ ಜೊತೆಗೆ ಹೋಗುತ್ತೇನೆ. ಒಂದೇ ಮಾತಿಗೆ ಬೇಡ ಎನ್ನುವುದಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ನೀವು ಬರೆಸಿದ ಒಂದು ಸಿಡಿ, ಒಂದು ಕ್ಯಾಸೆಟ್ಟು ಇರಬಹುದು. ಭಾವಗೀತೆಯೋ, ರಾಜ್‌ಕುಮಾರ್ ಹಾಡೋ, ಏನೋ ಒಂದು. ಬಣ್ಣ ಮಾಸುವ ಮೊದಲು ಒಮ್ಮೆ ಕೆಳಗಿಳಿಸಿ ಹಾಕಿ ನೋಡಿ. ಹಾಲ್‌ನಲ್ಲಿ ಹಾಕಿ, ಮನೆಯವರಿಗೂ ಕೇಳಲಿ.