ಚಿತ್ರ ತೆಗೆದಾಗ ಉಳಿಯುವ ಕನ್ನಡ
(ಖುಲ್ತಾಬಾದಿನ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸೇರಿರುವ ಈ ತಾಲ್ಲೂಕಿನಲ್ಲಿಯೇ ಎಲ್ಲೋರದ ಕೈಲಾಸ ದೇಗುಲವಿದೆ. ಅದನ್ನು ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅದೇ ವಂಶದ ನೃಪತುಂಗನ ಆಸ್ಥಾನದ ಕೃತಿ 'ಕವಿರಾಜಮಾರ್ಗ'ವು ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಗುರುತಿಸಿತು. ಇಂದು ಇಲ್ಲಿರುವ ನಮಗೆ ತಾಯ್ನುಡಿಯ ನಂಟು ಬಹುಮಟ್ಟಿಗೆ ಅಂತರ್ಜಾಲದ ಮೂಲಕವೇ. ಕಣ್ಣು ಕಾಣದ ಕನ್ನಡಿಗನಿಗೂ ಆ ನಂಟು ದೊರೆಯುತ್ತಿದೆಯೇ ಎಂಬುದು ನನ್ನ ಪ್ರಶ್ನೆ.

ಇದನ್ನು ಪರೀಕ್ಷಿಸಲು ಸರಳ ಸಾಧನವೊಂದಿದೆ. 1992ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಲಿಂಕ್ಸ್' ಎಂಬ ಬ್ರೌಸರ್ ಚಿತ್ರಗಳನ್ನು ತೋರಿಸದು. ಪುಟದ ಅಲಂಕಾರವನ್ನು ಬದಿಗಿಟ್ಟು ಅಕ್ಷರಗಳನ್ನಷ್ಟೇ, ಅವು ಬರೆಯಲ್ಪಟ್ಟ ಕ್ರಮದಲ್ಲಿ, ಮುಂದಿಡುತ್ತದೆ. ಪರದೆಯನ್ನು ಓದಿಹೇಳುವ ತಂತ್ರಾಂಶವೂ ಮುಖ್ಯವಾಗಿ ಈ ಅಕ್ಷರಗಳನ್ನೇ ಅವಲಂಬಿಸಿದೆ.

ಕನ್ನಡ ಪುಟಗಳನ್ನು ಹೀಗೆ ತೆರೆದಾಗ ಮೂರು ಕೊರತೆಗಳು ಎದ್ದು ಕಾಣುತ್ತವೆ. ಮೊದಲನೆಯದು, ಆಮಂತ್ರಣವನ್ನೂ ಪ್ರಕಟಣೆಯನ್ನೂ ಚಿತ್ರವಾಗಿ ಅಂಟಿಸುವ ರೂಢಿ. ಪರ್ಯಾಯ ವಿವರಣೆ ಬರೆಯದಿದ್ದರೆ ಅಲ್ಲಿ ಕಡತದ ಹೆಸರು ಮಾತ್ರ ಉಳಿದೀತು. ಎರಡನೆಯದು, ಹಳೆಯ ಫಾಂಟುಗಳು. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪವನ್ನು ತೊಡಿಸಿದಂಥವು. ಫಾಂಟಿನ ಮುಸುಕು ಸರಿದೊಡನೆ ಕನ್ನಡವೇ ಇಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಹಳೆಯ ಲೇಖನಗಳೆಷ್ಟೋ ಇನ್ನೂ ಪರಿವರ್ತನೆಗೊಂಡಿಲ್ಲ. ಮೂರನೆಯದು, ಎಲ್ಲ ಕೊಂಡಿಗಳಿಗೂ 'ಇಲ್ಲಿ ಒತ್ತಿ' ಎಂಬ ಒಂದೇ ಹೆಸರು. ಕೊಂಡಿಯಿಂದ ಕೊಂಡಿಗೆ ಹಾರಿ ಕೇಳುವವನಿಗೆ ಯಾವುದು ಪದ್ಯ, ಯಾವುದು ಸದಸ್ಯತ್ವದ ಅರ್ಜಿ ಎಂದು ತಿಳಿಯುವುದೆಂತು?

ಈ ಪರೀಕ್ಷೆಗೂ ಮಿತಿಯುಂಟು. ಲಿಂಕ್ಸ್ ಜಾವಾಸ್ಕ್ರಿಪ್ಟನ್ನು ನಡೆಸದು. ಆದ್ದರಿಂದ ಓದುತಂತ್ರಾಂಶಕ್ಕೆ ದಕ್ಕುವ ಪುಟವೂ ಇದರಲ್ಲಿ ಬರಿದಾಗಿ ಕಂಡೀತು. ಒತ್ತಕ್ಷರಗಳು ಒಡೆದು ಕಂಡರೆ ಅದು ಪುಟದ ದೋಷವಾಗಿರಬೇಕಿಲ್ಲ. ಮಂದದೃಷ್ಟಿಯವರಿಗೆ ಬೇಕಾದ ಬಣ್ಣದ ಅಂತರವನ್ನು ಇದು ಅಳೆಯಲಾರದು. ಕೊನೆಯ ಮಾತನ್ನು ಕಣ್ಣು ಕಾಣದ ಓದುಗರೇ ಹೇಳಬೇಕು.

ಇದು ದಯೆಯ ವಿಷಯವಲ್ಲ, ಹಕ್ಕಿನ ವಿಷಯ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಬಂದಿತು. ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಸಾರಿತು.

ಹೊರನಾಡಿನಲ್ಲಿ ಕನ್ನಡ ಶಾಲೆ ಬೇಕು, ಗ್ರಂಥಾಲಯ ಬೇಕು ಎಂದು ಕೇಳುವ ನಾವು, ನಮ್ಮವರಲ್ಲೇ ಕೆಲವರಿಗೆ ನಮ್ಮ ಪುಟದ ಬಾಗಿಲು ಮುಚ್ಚುವುದು ನ್ಯಾಯವೇ? ಪ್ರತಿಯೊಂದು ಸಂಘವೂ ಪ್ರಕಟಣೆಯನ್ನು ಯೂನಿಕೋಡಿನಲ್ಲಿ ಬರೆಯಲಿ, ಚಿತ್ರಕ್ಕೆ ಎರಡು ಸಾಲಿನ ವಿವರಣೆ ಸೇರಿಸಲಿ, ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ಪರಿವರ್ತಿಸಲಿ. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಶ್ರದ್ಧೆ.