ದಾರಿ ಎಲ್ಲರದು, ಕಸ ಯಾರದು?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ದಾರಿಯೆಂಬುದು ಯಾವೊಬ್ಬನ ಸ್ವತ್ತೂ ಅಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ದನಕರುಗಳು ಮೇವಿಗೆ ನಡೆಯುತ್ತವೆ. ಅದೇ ದಾರಿಯಲ್ಲಿ ಮಕ್ಕಳು ಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಹಬ್ಬದ ದಿನ ಊರಿನವರು ದೇವರ ಬನಕ್ಕೆ ಸಾಗುತ್ತಾರೆ. ರಾತ್ರಿಯಾದ ಮೇಲೆ ಕಾಡುಪ್ರಾಣಿಗಳು ಅದನ್ನೇ ಬಳಸುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ಬಳಕೆದಾರರ ಸಾಲಿಗೆ ಇನ್ನೊಂದು ವರ್ಗ ಸೇರಿದೆ. ಡಾಂಬರಿಲ್ಲದ ದಾರಿಯನ್ನೇ ಹುಡುಕಿಕೊಂಡು, ಜೀಪು ಮತ್ತು ಬೈಕುಗಳಲ್ಲಿ ವಾರಾಂತ್ಯಕ್ಕೆ ಬೆಟ್ಟವೇರುವ ಸವಾರರ ವರ್ಗವದು. ಅವರು ಹಿಂದಿರುಗಿದ ಮೇಲೆ ದಾರಿಯ ಬದಿಯಲ್ಲಿ ನೀರಿನ ಬಾಟಲಿ, ತಿಂಡಿಯ ಪೊಟ್ಟಣ, ಒಡೆದ ಗಾಜು ಉಳಿಯುವುದನ್ನು ಇಲ್ಲಿರುವ ಬಹುತೇಕರು ಕಂಡಿದ್ದಾರೆ.

ಇದೇ ಸವಾರರಲ್ಲಿ ಕೆಲವರು ಚೀಲ ಹಿಡಿದು ಕಸ ಹೆಕ್ಕುವುದೂ ಉಂಟು. ಇದನ್ನು ಬರೀ ತೋರಿಕೆಯೆಂದು ತಳ್ಳಿಹಾಕುವವರಿದ್ದಾರೆ. ಇಷ್ಟಾದರೆ ಸಾಕು, ಎಲ್ಲವೂ ಸರಿಹೋದಂತೆ ಎಂದು ಹೊಗಳುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳೇ. ದಾರಿಯನ್ನು ಬಳಸುವವರೇ ದಾರಿಯನ್ನು ಶುಚಿಗೊಳಿಸಿದಾಗ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಕಸ ಬಿದ್ದಲ್ಲಿಯೇ ಇರುವುದಿಲ್ಲ

ಬಯಲುಸೀಮೆಯ ಕಸಕ್ಕೂ ಗುಡ್ಡದ ಕಸಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಇಳಿಜಾರಿನಲ್ಲಿ ಬಿದ್ದದ್ದು ಅಲ್ಲಿಯೇ ನಿಲ್ಲುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಎಸೆದ ಬಾಟಲಿ ಆಷಾಢದ ಹೊತ್ತಿಗೆ ಹಳ್ಳಕ್ಕೂ, ಅಲ್ಲಿಂದ ಅಡಿಕೆ ತೋಟದ ಬಸಿಗಾಲುವೆಗೂ ಬಂದು ಸೇರುತ್ತದೆ. ಬಸಿಗಾಲುವೆ ಕಟ್ಟಿಕೊಂಡರೆ ನೀರು ಮರದ ಬುಡದಲ್ಲಿ ನಿಲ್ಲುತ್ತದೆ. ನೀರು ನಿಂತ ತೋಟದಲ್ಲಿ ಬೇರು ಉಸಿರಾಡಲಾರದು. ಗಾಜಿನ ಚೂರು ಗದ್ದೆಯ ಕೆಸರಿಗಿಳಿದರೆ ಬರಿಗಾಲಿನಲ್ಲಿ ನಾಟಿ ಮಾಡುವ ಹೆಂಗಸರ ಪಾದವೇ ಅದನ್ನು ಮೊದಲು ಪತ್ತೆಹಚ್ಚುತ್ತದೆ. ಉಪ್ಪಿನ ರುಚಿಯಿರುವ ಪೊಟ್ಟಣವನ್ನು ದನ ನುಂಗಿದರೆ ಅದು ಮೊದಲ ಹೊಟ್ಟೆಯಲ್ಲಿಯೇ ಉಳಿಯುತ್ತದೆ; ಜೀರ್ಣವಾಗುವುದೂ ಇಲ್ಲ, ಹೊರಬರುವುದೂ ಇಲ್ಲ. ಮಳೆನೀರು ತುಂಬಿದ ಪ್ಲಾಸ್ಟಿಕ್ ಲೋಟವು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲಾಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಕುಡಿಯುವ ನೀರಿನದು. ಮಲೆನಾಡಿನ ಎಷ್ಟೋ ಮನೆಗಳು ಇಂದಿಗೂ ಗುಡ್ಡದ ಅಬ್ಬಿಯಿಂದ ಇಳಿಯುವ ನೀರನ್ನೇ ನಂಬಿವೆ. ದಂಬೆಯ ಜಾಗಕ್ಕೆ ಪೈಪು ಬಂದಿರಬಹುದು. ನೀರಿನ ಮೂಲ ಬದಲಾಗಿಲ್ಲ. ಮೇಲೆ ಡೇರೆ ಹಾಕಿದವರ ಶೌಚ, ವಾಹನದಿಂದ ಸೋರಿದ ಎಣ್ಣೆ, ಕೊಳೆತ ಆಹಾರ ಇವೆಲ್ಲವೂ ಕೆಳಗಿನವರ ಕೊಡಕ್ಕೆ ಇಳಿಯುತ್ತವೆ.

ರೂಬಿಕಾನ್ ದಾರಿಯ ವೃತ್ತಾಂತ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ರೂಬಿಕಾನ್ ಎಂಬ ದಾರಿಯೊಂದಿದೆ. ಜಾರ್ಜ್‌ಟೌನ್ ಕಡೆಯಿಂದ ಟಾಹೊ ಸರೋವರದತ್ತ ಸುಮಾರು 35 ಕಿಲೋಮೀಟರ್ ಸಾಗುವ ಇದರ ಬಹುಭಾಗ ಬಂಡೆಗಳ ಮೇಲಿನ ಹಾದಿ. ಮೂಲನಿವಾಸಿಗಳು ನಡೆದಾಡುತ್ತಿದ್ದ ಈ ಮಾರ್ಗವನ್ನು 1887ರಲ್ಲಿ ಎಲ್‌ಡೊರಾಡೊ ಕೌಂಟಿಯ ಆಡಳಿತವು ಸಾರ್ವಜನಿಕ ರಸ್ತೆಯೆಂದು ಘೋಷಿಸಿತು. 1953ರಲ್ಲಿ 55 ಜೀಪುಗಳಲ್ಲಿ 155 ಮಂದಿ ಇಲ್ಲಿ ಸಾಮೂಹಿಕ ಯಾನ ಕೈಗೊಂಡರು. ಅಲ್ಲಿಂದ ಮುಂದೆ ಇದು ಜೀಪು ಸವಾರರ ಪಾಲಿಗೆ ಯಾತ್ರಾಸ್ಥಳದಂತಾಯಿತು.

ಯಾತ್ರಾಸ್ಥಳಗಳಿಗೆ ಬರುವ ಕಷ್ಟವೇ ಇದಕ್ಕೂ ಬಂತು. ಅಲ್ಲಿನ ನೆಲ ಗ್ರಾನೈಟ್ ಬಂಡೆಯದು, ಮೇಲೆ ತೆಳುವಾದ ಮಣ್ಣಿನ ಪದರವಷ್ಟೇ. ಹೂಳಲು ಮಣ್ಣಿಲ್ಲ, ಕೊಳೆಸಲು ಬೇಕಾದ ಸೂಕ್ಷ್ಮಜೀವಿಗಳೂ ವಿರಳ. ಆದುದರಿಂದ ಬೀಡುಬಿಟ್ಟವರ ಮಲ ಬಂಡೆಗಳ ಸಂದಿಯಲ್ಲೇ ಉಳಿಯತೊಡಗಿತು. 2004ರಲ್ಲಿ ಸ್ಪೈಡರ್ ಸರೋವರದ ಬಳಿಯ ಬಿಡಾರದ ಪ್ರದೇಶವನ್ನು ಮಾನವ ಮಲದ ಕಾರಣಕ್ಕಾಗಿಯೇ ಮುಚ್ಚಬೇಕಾಯಿತು. 2009ರಲ್ಲಿ ಆ ಪ್ರದೇಶದ ನೀರಿನ ಗುಣಮಟ್ಟ ನಿಯಂತ್ರಣ ಮಂಡಳಿಯು ಕೌಂಟಿಗೂ ಅರಣ್ಯ ಇಲಾಖೆಗೂ ಶುದ್ಧೀಕರಣದ ಆದೇಶ ಹೊರಡಿಸಿತು. ಆದೇಶ ಎತ್ತಿದ ಆಕ್ಷೇಪಗಳು ಮುಖ್ಯವಾಗಿ ಮೂರು: ದಾರಿಯಿಂದ ಕೊಚ್ಚಿ ಹಳ್ಳ ಸೇರುವ ಮಣ್ಣು, ಮಾನವ ಮಲ, ವಾಹನಗಳಿಂದ ಸೋರುವ ಎಣ್ಣೆ. ಬಾಟಲಿ, ಪೊಟ್ಟಣಗಳಷ್ಟೇ ಅಲ್ಲಿನ ಸಮಸ್ಯೆಯಾಗಿರಲಿಲ್ಲವೆಂಬುದು ಗಮನಾರ್ಹ.

ಈ ಬಿಕ್ಕಟ್ಟಿನಲ್ಲಿ ಸವಾರರ ಮುಂದೆ ಎರಡು ಹಾದಿಗಳಿದ್ದವು: ದಾರಿ ಮುಚ್ಚುವವರನ್ನು ವಿರೋಧಿಸುವುದು ಅಥವಾ ದಾರಿ ಮುಚ್ಚಬೇಕಾಗದಂತೆ ನಡೆದುಕೊಳ್ಳುವುದು. ಅವರು ವಿರೋಧವನ್ನು ಕೈಬಿಡಲಿಲ್ಲ. ಆದರೆ ಕೆಲಸಕ್ಕೂ ಇಳಿದರು. 2001ರಲ್ಲಿಯೇ ರೂಪುಗೊಂಡಿದ್ದ 'ರೂಬಿಕಾನ್ ಗೆಳೆಯರು' ಎಂಬ ಸ್ವಯಂಸೇವಕರ ಕೂಟವು ಹಲವು ಜೀಪು ಸಂಘಗಳನ್ನು ಒಂದುಗೂಡಿಸಿತು. ಸ್ವಯಂಸೇವಕರು ಕಸ ಹೆಕ್ಕಿದರು. ಮಲವನ್ನು ಮೊಹರು ಮಾಡಿ ಮರಳಿ ಒಯ್ಯುವ ಚೀಲಗಳನ್ನೂ, ಎಣ್ಣೆ ಸೋರಿದರೆ ಹೀರಿಕೊಳ್ಳುವ ಹಾಸುಗಳನ್ನೂ ಸವಾರರಿಗೆ ಹಂಚಿದರು. ದಾರಿಯಲ್ಲಿ ಹರಿಯುವ ನೀರನ್ನು ಬದಿಗೆ ತಿರುಗಿಸುವ ಅಡ್ಡದಿಂಡುಗಳನ್ನು ಕಟ್ಟುವುದರಲ್ಲಿ ಕೈಜೋಡಿಸಿದರು. 2012ರಲ್ಲಿ ಅರಣ್ಯ ಇಲಾಖೆಯು ದಾರಿಯ ಹಕ್ಕನ್ನು ಕೌಂಟಿಗೆ ವಿಧಿವತ್ತಾಗಿ ನೀಡಿದ್ದರಿಂದ ನಿರ್ವಹಣೆಯ ಹೊಣೆ ಯಾರದೆಂಬುದು ಸ್ಪಷ್ಟವಾಯಿತು. ದಾರಿ ತೆರೆದೇ ಉಳಿಯಿತು.

ಇಲ್ಲಿ ತಿಳಿಯಬೇಕಾದ ಅಂಶಗಳು ಎರಡು. ಮೊದಲನೆಯದು, ಸವಾರರ ಶ್ರಮದ ಬೆನ್ನಿಗೆ ಕಾನೂನಿನ ಒತ್ತಡವೂ ಇತ್ತು. ಹೊರರಸ್ತೆ ವಾಹನಗಳಿಂದ ಸಾರ್ವಜನಿಕ ಭೂಮಿಯ ಮಣ್ಣು, ನೀರು, ಸಸ್ಯಗಳಿಗೆ ಹಾನಿಯಾಗದಂತೆ ದಾರಿಗಳನ್ನು ಗೊತ್ತುಪಡಿಸಬೇಕೆಂದು ಆ ದೇಶದ ಅಧ್ಯಕ್ಷರು 1972ರಲ್ಲಿಯೇ ಆದೇಶ ಹೊರಡಿಸಿದ್ದರು. 1977ರ ತಿದ್ದುಪಡಿಯು ಹಾನಿ ಕಂಡಲ್ಲಿ ದಾರಿ ಮುಚ್ಚುವ ಅಧಿಕಾರವನ್ನು ಅಧಿಕಾರಿಗಳಿಗೆ ನೀಡಿತು. ಎರಡನೆಯದು, ಕೆಲಸ ಒಂದು ದಿನದ್ದಾಗಿರಲಿಲ್ಲ. ವರ್ಷ ವರ್ಷವೂ ಅದೇ ಜನ ಅದೇ ದಾರಿಗೆ ಮರಳಿ ಬಂದರು.

ಹೆಕ್ಕಿದರೆ ಮುಗಿಯಿತೇ?

ಕಸ ಹೆಕ್ಕುವುದು ಕಣ್ಣಿಗೆ ಕಾಣುವ ಹಾನಿಗೆ ಪರಿಹಾರ. ಚಕ್ರ ಮಾಡುವ ಹಾನಿಯ ಬಹುಭಾಗ ಮೊದಮೊದಲು ಕಣ್ಣಿಗೆ ಕಾಣದು. ಒದ್ದೆ ಮಣ್ಣಿನ ಮೇಲೆ ವಾಹನ ಹಾದಾಗ ಮಣ್ಣಿನ ಕಣಗಳ ನಡುವಣ ಗಾಳಿಯ ಅವಕಾಶ ಕುಗ್ಗುತ್ತದೆ. ಈ ಒತ್ತಡದ ಹೆಚ್ಚಿನ ಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಹೋಗುತ್ತದೆ; ಆದುದರಿಂದ 'ಒಂದೇ ಸಲ ಹೋಗಿ ಬಂದೆವು' ಎಂಬ ಸಮಾಧಾನಕ್ಕೆ ಮಣ್ಣಿನಲ್ಲಿ ಆಧಾರವಿಲ್ಲ. ಬಿಗಿದ ಮಣ್ಣಿಗೆ ನೀರು ಇಂಗದು. ಇಂಗದ ನೀರು ಚಕ್ರದ ಜಾಡನ್ನೇ ಕಾಲುವೆಯಾಗಿಸಿಕೊಂಡು ಹರಿಯುತ್ತದೆ. ಮುಂದಿನ ಸವಾರ ಆ ಕೊರಕಲನ್ನು ತಪ್ಪಿಸಲು ಹುಲ್ಲಿನ ಮೇಲೆ ಹತ್ತಿಸುತ್ತಾನೆ. ಹೀಗೆ ಒಂದು ದಾರಿ ಮೂರಾಗುತ್ತದೆ. ನೆತ್ತಿಯ ಶೋಲಾ ಹುಲ್ಲುಗಾವಲಿನಲ್ಲಿ ಇಂಥ ಗಾಯ ಮಾಯುವುದು ಬಹಳ ನಿಧಾನ. ಅಲ್ಲಿ ಹತ್ತು ಚೀಲ ಕಸ ಹೆಕ್ಕಿದರೂ ಕೊಚ್ಚಿಹೋದ ಮಣ್ಣು ಮರಳಿ ಬಾರದು.

ಚಕ್ರದ ಕೆಸರಿನದು ಇನ್ನೊಂದು ವಿಷಯ. ಕೃಷಿಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಅದು ಮಣ್ಣು ಮತ್ತು ನೀರಿನ ಮೂಲಕ ಹರಡುತ್ತದೆ. ಇದೇ ಕುಲದ ಬೇರೆ ಪ್ರಭೇದವೊಂದು ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಜರ್ರಾ ಕಾಡುಗಳನ್ನು ಸಾಯಿಸುತ್ತಿದೆ. ಮತ್ತೊಂದು ಅಮೆರಿಕದ ಓರೆಗನ್ ಮತ್ತು ಉತ್ತರ ಕ್ಯಾಲಿಫೋರ್ನಿಯಾಗಳಲ್ಲಿ ಪೋರ್ಟ್ ಆರ್ಫರ್ಡ್ ಸೀಡರ್ ಮರಗಳ ಬೇರನ್ನು ಕೊಳೆಸುತ್ತಿದೆ. ಈ ಎರಡೂ ಕಡೆ ರೋಗ ಹೊಸ ಜಾಗಕ್ಕೆ ತಲುಪುವ ಮುಖ್ಯ ಬಗೆಗಳಲ್ಲಿ ವಾಹನಕ್ಕಂಟಿದ ಕೆಸರೂ ಒಂದು. ಆದಕಾರಣ ಅಲ್ಲಿ ವಾಹನಗಳನ್ನು ತೊಳೆದು ಕಾಡಿಗೆ ಬಿಡುವ, ಮಳೆಗಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚುವ ಪದ್ಧತಿಯಿದೆ. ರೋಗವಿರುವ ತೋಟದ ಬದಿಯ ಕೆಸರನ್ನು ಮತ್ತೊಂದು ಊರಿಗೆ ಒಯ್ಯಬಾರದೆಂಬ ಎಚ್ಚರ ಮಲೆನಾಡಿಗೂ ಅಗತ್ಯ. ಪಾರ್ಥೇನಿಯಂ, ಯುಪಟೋರಿಯಂಗಳಂಥ ಕಳೆಗಳ ಬೀಜಕ್ಕೂ ಕೆಸರು ಮೆತ್ತಿದ ಚಕ್ರ ಒಳ್ಳೆಯ ವಾಹನವೇ.

ಮನೆಯ ಮುಂದಿನ ಕಸ

ಹೊರಗಿನಿಂದ ಬಂದವರನ್ನಷ್ಟೇ ದೂರುವುದು ನ್ಯಾಯವಲ್ಲ. ಗುಟ್ಕಾ ಪೊಟ್ಟಣ, ಕಳೆನಾಶಕದ ಖಾಲಿ ಡಬ್ಬಿ, ಮೈಲುತುತ್ತದ ಚೀಲ, ಸಮಾರಂಭಗಳ ಥರ್ಮಾಕೋಲ್ ತಟ್ಟೆ ಇವು ಪೇಟೆಯ ಸವಾರರು ತಂದವಲ್ಲ. ಕಳೆನಾಶಕದ ಡಬ್ಬಿಯನ್ನು ಹಳ್ಳಕ್ಕೆ ಎಸೆಯುವ ಊರಿಗೆ ಸವಾರನ ಬಾಟಲಿಯನ್ನು ಪ್ರಶ್ನಿಸುವ ನೈತಿಕ ಬಲವಿರದು. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಮೇಲೆ ನಿಷೇಧ ಬಂತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ದೇಶಾದ್ಯಂತ ಜಾರಿಯಾಯಿತು. ಕಾನೂನು ಕಾಗದದಲ್ಲಿದ್ದರೆ ಸಾಲದು. ಅಂಗಡಿಯ ಕಟ್ಟೆಯವರೆಗೂ ಇಳಿಯಬೇಕು.

ದಾರಿ ಕೆಟ್ಟಾಗ ಯಾರಿಗೆ ನಷ್ಟವೆಂಬುದನ್ನೂ ಯೋಚಿಸಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಚಾರಣಿಗರು ನುಗ್ಗಿದ ಬಳಿಕ, ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣ ಮಾರ್ಗಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಬಾಗಿಲು ಹಾಕಿದಾಗ ಪೇಟೆಯವನಿಗೆ ಒಂದು ವಾರಾಂತ್ಯ ನಷ್ಟ. ಅವನು ಇನ್ನೊಂದು ಬೆಟ್ಟ ಹುಡುಕುತ್ತಾನೆ. ಕೊಡಚಾದ್ರಿಯಂಥಲ್ಲಿ ಜೀಪು ಓಡಿಸಿ ಬದುಕುವ ಸ್ಥಳೀಯನಿಗೆ ಅದು ಅನ್ನದ ನಷ್ಟ.

ಮಲೆನಾಡಿನಲ್ಲಿ ಆಗಬೇಕಾದದ್ದು

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಸಭೆಯ ಮುಂದಿಡಲಾಗಿದೆ.

1. ಯಾವ ದಾರಿಯಲ್ಲಿ ವಾಹನ ಹೋಗಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಅರಣ್ಯ ಇಲಾಖೆಯೊಡನೆ ಸೇರಿ ಫಲಕ ಹಾಕಬೇಕು. ಅಭಯಾರಣ್ಯ ಹಾಗೂ ಮೀಸಲು ಅರಣ್ಯಗಳಲ್ಲಿ ಇಲಾಖೆಯ ಅನುಮತಿಯಿಲ್ಲದ ಪ್ರವೇಶ ಅಪರಾಧವೆಂಬುದು ಸವಾರರಿಗೆ ಮೊದಲೇ ತಿಳಿದಿರಬೇಕು. ಶೋಲಾ ಹುಲ್ಲುಗಾವಲು, ಹಳ್ಳದ ಪಾತ್ರ, ಅಬ್ಬಿಯ ಮೇಲ್ಭಾಗಗಳಿಗೆ ಚಕ್ರ ಹೋಗಲೇಕೂಡದು.

2. ಮಳೆಗಾಲದಲ್ಲಿ ಮಣ್ಣಿನ ದಾರಿಗಳಿಗೆ ವಿಶ್ರಾಂತಿ ಬೇಕು. ಕೆಸರಿನಲ್ಲಿ ಸವಾರಿಯೇ ಮಜವೆಂಬ ಮಾತು ಸವಾರನಿಗೆ ಸರಿ, ಮಣ್ಣಿಗಲ್ಲ.

3. ಸವಾರರ ತಂಡಗಳು ಬಂದರೆ ಊರಿನವರು ಅವರೊಡನೆ ಒಂದು ಸರಳ ಒಪ್ಪಂದ ಮಾಡಿಕೊಳ್ಳಬಹುದು. ತಂದದ್ದನ್ನೆಲ್ಲ ಮರಳಿ ಒಯ್ಯುವುದು, ತೊಳೆದ ವಾಹನದೊಂದಿಗೆ ಬರುವುದು, ದಾರಿ ಬಿಟ್ಟು ಹೋಗದಿರುವುದು, ದನಕರು ಎದುರಾದರೆ ಎಂಜಿನ್ ಆರಿಸಿ ನಿಲ್ಲುವುದು ಅದರಲ್ಲಿರಬೇಕು.

4. ಹೆಕ್ಕಿದ ಕಸದ ಕೊನೆಯ ತಾಣ ಮೊದಲೇ ನಿಶ್ಚಯವಾಗಿರಬೇಕು. ಚೀಲ ತುಂಬಿಸಿ ಪಂಚಾಯಿತಿಯ ಬಾಗಿಲಲ್ಲಿ ಬಿಟ್ಟುಹೋದರೆ ಕಸ ಜಾಗ ಬದಲಿಸಿತೇ ಹೊರತು ನಿವಾರಣೆಯಾಗಲಿಲ್ಲ. ಅದನ್ನು ಸುಡುವುದಂತೂ ಸಲ್ಲದು. ಪ್ಲಾಸ್ಟಿಕ್ಕಿನ ಹೊಗೆ ವಿಷಕಾರಿ. ವಾಹನದಲ್ಲಿ ಬಂದವರಿಗೆ ವಿಂಗಡಿಸಿದ ಕಸವನ್ನು ಪೇಟೆಯ ಸಂಗ್ರಹ ಕೇಂದ್ರಕ್ಕೆ ಒಯ್ಯುವ ಅನುಕೂಲವಿದೆ. ಆ ಹೊಣೆ ಅವರದಾಗಲಿ.

5. ವಿದ್ಯಾರ್ಥಿಗಳು ಪ್ರತಿ ಶುಚಿಕಾರ್ಯದಲ್ಲೂ ಲೆಕ್ಕ ಬರೆಯಬೇಕು. ಯಾವ ಬಗೆಯ ಕಸ, ಯಾವ ತಿರುವಿನಲ್ಲಿ, ಎಷ್ಟು ಎಂಬ ಪಟ್ಟಿಯಿದ್ದರೆ ಮುಂದಿನ ವರ್ಷ ಹೋಲಿಸಿ ನೋಡಬಹುದು. ಒಂದೇ ತಿರುವಿನಲ್ಲಿ ಪ್ರತಿ ವರ್ಷ ಗಾಜು ಸಿಕ್ಕರೆ ಅಲ್ಲಿ ಬೇಕಾದದ್ದು ಚೀಲವಲ್ಲ, ಕಾವಲು.

6. ಊರಿನ ಕೃಷಿ ಪ್ಲಾಸ್ಟಿಕ್ ಮತ್ತು ವಿಷದ ಡಬ್ಬಿಗಳನ್ನು ಒಂದೆಡೆ ಪ್ರತ್ಯೇಕವಾಗಿ ಸಂಗ್ರಹಿಸುವ ಏರ್ಪಾಡು ಇದರೊಂದಿಗೇ ಆರಂಭವಾಗಬೇಕು.

ಮಲೆನಾಡಿಗೆ ಮುಯ್ಯಾಳಿನ ಪದ್ಧತಿ ಹೊಸತಲ್ಲ. ಒಬ್ಬರ ಗದ್ದೆಯಲ್ಲಿ ದುಡಿದ ಋಣವನ್ನು ಮತ್ತೊಬ್ಬರು ತಮ್ಮ ದುಡಿಮೆಯಿಂದಲೇ ತೀರಿಸುತ್ತಿದ್ದರು. ದಾರಿಯನ್ನು ಬಳಸುವವನೂ ದಾರಿಗೆ ಹಾಗೆಯೇ ಋಣಿ. ಸವಾರನು ಚೀಲ ಹಿಡಿದು ಬಂದರೆ ಅವನನ್ನು ಗೌರವದಿಂದ ಬರಮಾಡಿಕೊಳ್ಳುವುದು ಊರಿನ ಸೌಜನ್ಯ. ಆದರೆ ಕಸ ಹೆಕ್ಕಿದ ಮಾತ್ರಕ್ಕೆ ಎಲ್ಲಿ ಬೇಕಾದರೂ ಚಕ್ರ ಹಾಯಿಸುವ ಹಕ್ಕು ಅವನಿಗೆ ದೊರೆಯುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಸುವುದು ಊರಿನ ಕರ್ತವ್ಯ. ಮುಂದಿನ ಮಳೆಗಾಲಕ್ಕೆ ಮುನ್ನ, ಅಗಳು ಮತ್ತು ಬಸಿಗಾಲುವೆಗಳನ್ನು ಬಿಡಿಸುವ ಹೊತ್ತಿನಲ್ಲೇ, ಪ್ರತಿ ಊರೂ ತನ್ನ ಒಂದು ದಾರಿಯನ್ನಾದರೂ ಆರಿಸಿಕೊಂಡು ಈ ಕೆಲಸವನ್ನು ಆರಂಭಿಸಲಿ. ಮಳೆ ಬಂದ ಮೇಲೆ ಹೆಕ್ಕಲು ಹೋದರೆ ಕಸ ಆಗಲೇ ಕೆಳಗಿನವರ ತೋಟಕ್ಕೆ ಇಳಿದಿರುತ್ತದೆ.