ಕೊರಿಯದ ಕತೆ, ಕನ್ನಡದ ಪಾಠ



ಕನ್ನಡದ ಹಬ್ಬದ ದಿನ ಕೊರಿಯ ದೇಶದ ಮಾತೇಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಲ್ಲಿ ಆ ಮಾತು ಆಗಲೇ ಒಳಗೆ ಬಂದು ಕುಳಿತಿದೆ. ರಾತ್ರಿ ಊಟವಾದ ಮೇಲೆ ನಮ್ಮ ಮಕ್ಕಳು ನೋಡುವುದು ಕೊರಿಯದ ಧಾರಾವಾಹಿ. ಬೆಳಿಗ್ಗೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೊಬೈಲು ಹಿಡಿದು ನೋಡುವುದೂ ಅದನ್ನೇ. ಕೆಲವರು ಅಷ್ಟಕ್ಕೇ ನಿಲ್ಲದೆ ಆ ಲಿಪಿಯನ್ನೂ ಕಲಿತಿರುವರು. ಊರಿನಿಂದ ಅಜ್ಜಿ ಬರೆದ ಕನ್ನಡ ಕಾಗದವನ್ನು ಮಾತ್ರ ಅವರಿಗೆ ನಾವೇ ಓದಿ ಹೇಳಬೇಕು. ಹಿರಿಯರಿಗೆ ನೋವಾಗುವುದು ಇಲ್ಲಿಯೇ.

ಇದು ನಿನ್ನೆ ಮೊನ್ನೆಯ ಗೀಳೆಂದು ತಿಳಿಯಬಾರದು. 2006ರ ಸುಮಾರಿಗೇ ನಮ್ಮ ದೂರದರ್ಶನವು, ಅರಮನೆಯ ಅಡಿಗೆಮನೆಯಲ್ಲಿ ದುಡಿದು ಮುಂದೆ ರಾಜವೈದ್ಯೆಯಾದ ಹೆಣ್ಣೊಬ್ಬಳ ಕೊರಿಯನ್ ಕತೆಯನ್ನು ತೋರಿಸಿತ್ತು. 2020ರಲ್ಲಿ ರೋಗದ ಭಯದಿಂದ ಊರೆಲ್ಲ ಬಾಗಿಲು ಮುಚ್ಚಿದಾಗ ಈ ಕತೆಗಳು ಮನೆಮನೆ ಸೇರಿದವು. ಈಗ ಅವನ್ನು ಮೂಲ ದನಿಯಲ್ಲೇ ಕೇಳುತ್ತ, ಕೆಳಗೆ ಮೂಡುವ ಅನುವಾದವನ್ನು ಓದುವವರು ಬಹಳ. ಕಿವಿಗೆ ಬಿದ್ದ ಮಾತು ನಾಲಿಗೆಗೆ ಬರಲು ತಡವಾಗಲಿಲ್ಲ.

ಅವರ ಜತೆ ಕುಳಿತು ನೋಡಿದರೆ ನಮಗೂ ಆಶ್ಚರ್ಯವಾಗುವುದು. ಕೊರಿಯದವರು ಎದುರಾದಾಗ ಕೇಳುವ ಮಾತುಗಳಲ್ಲೊಂದು 'ಪಾಪ್ ಮೊಗೊಸ್ಸೊ?' ಎಂದರೆ, ನಮ್ಮ 'ಊಟ ಆಯ್ತಾ?' ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಕ್ಕ, ಅಣ್ಣ, ಅಜ್ಜಿ ಎಂದೇ ಕರೆಯುವರು. ಹೋಟೆಲಿನಲ್ಲಿ ಬಡಿಸುವ ಹೆಂಗಸೂ ಅವರಿಗೆ 'ಇಮೊ', ಚಿಕ್ಕಮ್ಮ. ತಂದೆಗೆ ಅಲ್ಲಿಯೂ 'ಅಪ್ಪ'. ಗೆಳೆಯನೊಡನೆ ಆಡುವ ಕ್ರಿಯಾಪದ ಬೇರೆ, ಅಜ್ಜನೊಡನೆ ಆಡುವುದು ಬೇರೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮಂತೆಯೇ. ಈ ಹೋಲಿಕೆಗಳನ್ನು ಕಂಡು ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ಸಂಬಂಧ ಹೇಳುವ ಒಂದು ವ್ಯಾಕರಣವನ್ನೇ ಬರೆದನು. ಇಂದಿನ ಭಾಷಾವಿದರು ಅದನ್ನು ಒಪ್ಪುವುದಿಲ್ಲ. ನೆಂಟಸ್ತಿಕೆ ಇಲ್ಲದಿದ್ದರೇನು, ಸ್ನೇಹಕ್ಕೆ ಅಡ್ಡಿಯಿಲ್ಲ.

ಆ ನುಡಿಯ ಹಿಂದಿನ ಕತೆಯು ಯಾವ ಧಾರಾವಾಹಿಗಿಂತಲೂ ದೊಡ್ಡದು. ಕೊರಿಯದ ಪಂಡಿತರು ಶತಮಾನಗಳ ಕಾಲ ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದರು; ಸಾಮಾನ್ಯರ ಕೈಗೆ ಅದು ಎಟುಕುತ್ತಿರಲಿಲ್ಲ. ಸೇಜೋಂಗ್ ಎಂಬ ಅರಸನು 1443ರಲ್ಲಿ 28 ಅಕ್ಷರಗಳ ಲಿಪಿಯೊಂದನ್ನು ರಚಿಸಿ, 1446ರಲ್ಲಿ ಪ್ರಜೆಗಳಿಗೆ ಕೊಟ್ಟನು. ಆಸ್ಥಾನದ ವಿದ್ವಾಂಸರು ವಿರೋಧಿಸಿದರು. ಹೆಂಗಸರ ಬರಹವೆಂದು ಬಹುಕಾಲ ಅದನ್ನು ಹೀಗಳೆದದ್ದೂ ಉಂಟು. ಆ ಹೆಂಗಸರೇ ತಮ್ಮ ಕಾಗದಗಳಲ್ಲಿ, ಕತೆಗಳಲ್ಲಿ ಅದನ್ನು ಕಾಪಾಡಿದರು.

1910ರಿಂದ 1945ರವರೆಗೆ ಆ ನಾಡು ಜಪಾನಿನ ಕೈಕೆಳಗಿತ್ತು. ಕೊನೆಯ ವರ್ಷಗಳಲ್ಲಿ ಶಾಲೆಯಿಂದ ಕೊರಿಯನ್ ಭಾಷೆಯನ್ನೇ ಹೊರಗೆ ಹಾಕಲಾಯಿತು. ನಿಘಂಟು ಸಿದ್ಧಪಡಿಸುತ್ತಿದ್ದ ಭಾಷಾ ಸಂಘದವರನ್ನು 1942ರಲ್ಲಿ ಸೆರೆಹಿಡಿದರು. ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು. ಅವರಿಂದ ಕಿತ್ತುಕೊಂಡ ಹಸ್ತಪ್ರತಿಯು 1945ರಲ್ಲಿ ಸಿಯೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ಸಿಕ್ಕಿತು. ನಿಘಂಟಿನ ಮೊದಲ ಸಂಪುಟ 1947ರಲ್ಲಿ, ಕೊನೆಯದು 1957ರಲ್ಲಿ ಹೊರಬಂದವು. ಇಂದಿಗೂ ದಕ್ಷಿಣ ಕೊರಿಯದಲ್ಲಿ ಅಕ್ಟೋಬರ 9 ಲಿಪಿಯ ಹಬ್ಬ. ಅಂದು ದೇಶಕ್ಕೆಲ್ಲ ರಜೆ.

ಐದು ಆಡಳಿತಗಳಲ್ಲಿ ಹಂಚಿಹೋಗಿದ್ದು 1956ರ ನವೆಂಬರ 1ರಂದು ಒಂದುಗೂಡಿದ, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ನಾಡಿನ ಮಕ್ಕಳು ನಾವು. ಈ ಕತೆ ನಮಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು? ತಮ್ಮ ನುಡಿಯನ್ನು ತಾವು ಮೊದಲು ಪ್ರೀತಿಸಿದ್ದರಿಂದಲೇ ಅವರು ಅದನ್ನು ಲೋಕದ ಮುಂದೆ ಇಡಬಲ್ಲವರಾದರು.

ಕೊರಿಯನ್ ಕಲಿಯಿರೆಂದು ನಮ್ಮ ಮಕ್ಕಳಿಗೆ ಯಾರೂ ಹೇಳಲಿಲ್ಲ. ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಕತೆ ಮುಂದೇನಾಯಿತೆಂಬ ತವಕವೊಂದೇ ಅವರಿಗೆ ಗುರುವಾಯಿತು. ಕನ್ನಡವೋ, ಬಹುಮಟ್ಟಿಗೆ ಕರ್ತವ್ಯದ ವೇಷ ತೊಟ್ಟು ಅವರೆದುರು ಬರುತ್ತದೆ. ಕರ್ತವ್ಯಕ್ಕೆ ಮಕ್ಕಳು ಕೈಮುಗಿಯುವರು, ಪ್ರೀತಿಸುವುದು ಕತೆಯನ್ನು.

ಆದುದರಿಂದ ಕೊರಿಯನ್ನನ್ನು ಬಿಡಿಸುವ ಮಾತು ಬೇಡ. ಒಂದು ಭಾಷೆಯನ್ನು ಪ್ರೀತಿಸಬಲ್ಲ ಮನಸ್ಸು ಇನ್ನೊಂದನ್ನೂ ಪ್ರೀತಿಸಬಲ್ಲುದು. ಶಾಲೆಯಲ್ಲಿ ಮರಾಠಿಯ ಬಾರಾಖಡಿ ಕಲಿತ, ಮನೆಯಲ್ಲಿ ತಾವಾಗಿಯೇ ಕೊರಿಯನ್ ಅಕ್ಷರ ಕೂಡಿಸಿದ ಮಕ್ಕಳಿಗೆ ನಮ್ಮ ಕಾಗುಣಿತವು ಕಷ್ಟವೇ? ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದ ಸದಾನಂದ ಸುವರ್ಣರು ದೂರದರ್ಶನಕ್ಕೆ ಮಾಡಿದ 'ಗುಡ್ಡದ ಭೂತ'ವನ್ನು ಅವರೊಡನೆ ಕುಳಿತು ನೋಡೋಣ. ನಮ್ಮ ಊರಿನ ಕತೆಗಳನ್ನು ರಾತ್ರಿಗೆ ಒಂದರಂತೆ, ಕುತೂಹಲ ಉಳಿಯುವ ಕಡೆ ನಿಲ್ಲಿಸಿ ಹೇಳೋಣ. ಅಜ್ಜಿಯ ಕಾಗದದಲ್ಲಿ ಮೊದಲ ಎರಡು ಸಾಲು ನಾವು ಓದಿ, ಮೂರನೆಯದನ್ನು ಅವರಿಗೆ ಬಿಡೋಣ.

ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ನಮಗೆ ತಿಳಿದ ಹೋಲಿಕೆ ಹೇಳಿಬಿಡುತ್ತೇವೆ. ವರ್ಷಕ್ಕೊಮ್ಮೆ ನವೆಂಬರದಲ್ಲಿ ದೊಡ್ಡ ಮೊತ್ತ ಕಟ್ಟಿ ಮರೆಯುವುದಕ್ಕಿಂತ, ಆರ್.ಡಿ. ಖಾತೆಯಂತೆ ಸಣ್ಣ ಕಂತನ್ನು ತಪ್ಪದೆ ಕಟ್ಟುವುದು ಮೇಲು. ದಿನಕ್ಕೆ ಹತ್ತು ನಿಮಿಷದ ಕನ್ನಡವೇ ಆ ಕಂತು. ಅವಧಿ ಮುಗಿದಾಗ ಹಣ ಬರುವುದು ನಮ್ಮ ಕೈಗಲ್ಲ, ಮಕ್ಕಳ ಕೈಗೆ.